ಹಿಮದ ಇಳಿಜಾರಿನಲ್ಲಿ ಯಂತ್ರ ನಡೆಸುವ ಮುನ್ನ



ಬೆಂಗಳೂರಿನ ತ್ಯಾಗರಾಜನಗರದಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರಿನ ಮುಂಜಾನೆ ಹಾಲು ತರಲು ಹೊರಟವರು ಮಂಕಿ ಕ್ಯಾಪ್ ಹಾಕಿಕೊಳ್ಳುವಷ್ಟು ಚಳಿ ಇರುತ್ತದೆ, ಅಷ್ಟೆ. ಇಡೀ ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶವೆಂದರೆ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ಹೀಗಿದ್ದರೂ ಹಿಮ ತೆಗೆಯುವ ಯಂತ್ರದ ಕುರಿತು ನಾನು ಬರೆಯಲು ಕಾರಣವಾದುದು ತ್ಯಾಗರಾಜನಗರದ ಒಂದು ಮನೆಯೇ.

ಆ ಮನೆಯ ಹಿರಿಯ ದಂಪತಿಗಳು ನಮ್ಮ ಕರಾವಳಿಯವರು. ನಲವತ್ತು ವರ್ಷಗಳ ಹಿಂದೆ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಿ ಅಲ್ಲಿಯೇ ನೆಲೆಸಿದವರು. ಮಗ ಕೆನಡಾದ ಕ್ಯಾಲ್ಗರಿಯಲ್ಲಿದ್ದಾನೆ. ಕಳೆದ ಚಳಿಗಾಲದ ಒಂದು ದಿನ ಆತ ಫೋನನ್ನು ಗ್ಯಾರೇಜಿನ ಕಿಟಕಿಗೆ ಒರಗಿಸಿಟ್ಟು, ತಾನು ಹೊಸದಾಗಿ ಕೊಂಡ ಸ್ನೋ ಬ್ಲೋವರ್ ಹೇಗೆ ಕೆಲಸ ಮಾಡುತ್ತದೆ ಎಂದು ತಂದೆತಾಯಿಗೆ ತೋರಿಸುತ್ತಿದ್ದ. ಮನೆಯಿಂದ ರಸ್ತೆಗೆ ಇಳಿಯುವ ದಾರಿ ಕಡಿದಾಗಿತ್ತು. ಅರ್ಧ ದಾರಿಯಲ್ಲಿ ಆತ ಯಂತ್ರವನ್ನು ಅಡ್ಡಕ್ಕೆ ತಿರುಗಿಸಿದ. ಯಂತ್ರ ಜಾರಿತು, ಆತನೂ ಜಾರಿದ. ಬಳಿಕ ಪರದೆಯ ಮೇಲೆ ಬಿಳಿ ಹಿಮವಲ್ಲದೆ ಬೇರೇನೂ ಕಾಣಲಿಲ್ಲ. ಆತ ಎದ್ದು ಬಂದು "ಏನೂ ಆಗಿಲ್ಲ ಮಮ್ಮಿ" ಎನ್ನುವುದಕ್ಕೆ ಒಂದು ನಿಮಿಷವಾದರೂ ಹಿಡಿದಿರಬೇಕು. ಆ ಒಂದು ನಿಮಿಷವನ್ನು ತಾಯಿಗೆ ಇನ್ನೂ ಮರೆಯಲಾಗಿಲ್ಲ.

ತಂದೆಯ ಯೋಚನೆಯೇ ಬೇರೆ. ಅವರಿಗೆ 68 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಈ ಚಳಿಗಾಲ ಸೊಸೆಯ ಬಾಣಂತನಕ್ಕೆ ಇಬ್ಬರೂ ಕ್ಯಾಲ್ಗರಿಗೆ ಹೋಗುವವರು. "ಮಗ ಬೆಳಿಗ್ಗೆ ಐದಕ್ಕೇ ಕೆಲಸಕ್ಕೆ ಹೋಗುತ್ತಾನೆ. ಹಿಮ ನಾನು ತೆಗೆಯುತ್ತೇನೆ. ಊರಿನಲ್ಲಿ ಟಿಲ್ಲರ್ ನಡೆಸಿದವನಿಗೆ ಇದೇನು ಮಹಾ?" ಎಂದು ಹೊರಟಿದ್ದಾರೆ. "ನಾನು ಹೇಳಿದರೆ ಕೇಳುವುದಿಲ್ಲ ಫಾದರ್. ಅಚ್ಚಾದದ್ದನ್ನಾದರೆ ಓದುತ್ತಾರೆ, ನೀವೇ ಬರೆಯಿರಿ" ಎಂದು ಅವರ ಪತ್ನಿ ನನ್ನಲ್ಲಿ ಕೇಳಿಕೊಂಡರು. ಮಕ್ಕಳು ಕೆನಡಾ, ಅಮೆರಿಕ ದೇಶಗಳಲ್ಲಿರುವ ಇಂತಹ ಕುಟುಂಬಗಳು ನಮ್ಮಲ್ಲಿ ಬಹಳ ಇವೆ. ಆದುದರಿಂದ ಇದು ಅನೇಕರಿಗೆ ಉಪಯೋಗವಾಗಬಹುದೆಂದು ಭಾವಿಸಿದ್ದೇನೆ. ನಾನು ಈ ಯಂತ್ರವನ್ನು ನಡೆಸಿದವನಲ್ಲ. ಕೈಪಿಡಿಗಳನ್ನು ಓದಿ, ನಡೆಸುವವರನ್ನು ವಿಚಾರಿಸಿ ಬರೆಯುತ್ತಿದ್ದೇನೆ.

ಯಂತ್ರದ ಪರಿಚಯ

ಮನೆಬಳಕೆಯ ಸ್ನೋ ಬ್ಲೋವರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಹಗುರ. ಅದರ ಮುಂಭಾಗದಲ್ಲಿ ರಬ್ಬರ್ ಅಂಚಿನ ಒಂದೇ ಅಲಗು ತಿರುಗುತ್ತಾ ನೆಲವನ್ನು ತಾಗಿ ಹಿಮವನ್ನು ಬಾಚಿ ಎಸೆಯುತ್ತದೆ. ಅಲಗು ನೆಲಕ್ಕೆ ತಾಗುವುದರಿಂದಲೇ ಯಂತ್ರ ಅಲ್ಪಸ್ವಲ್ಪ ಮುಂದಕ್ಕೆ ಎಳೆಯಲ್ಪಡುತ್ತದೆ. ಚಕ್ರಗಳಿಗೆ ಎಂಜಿನಿನ ಶಕ್ತಿ ಇಲ್ಲ. ಸಮತಟ್ಟಾದ ಅಂಗಳಕ್ಕೆ, ನಾಲ್ಕಾರು ಇಂಚು ಹಿಮಕ್ಕೆ ಅದು ಸಾಕು. ಕಡಿದಾದ ದಾರಿಯಲ್ಲಿ ಅದನ್ನು ಮೇಲಕ್ಕೆ ತಳ್ಳಬೇಕಾದುದು ಮನುಷ್ಯನ ತೋಳೇ.

ಎರಡನೆಯದು ಭಾರದ ಯಂತ್ರ, ಸುಮಾರು ನೂರು ಕಿಲೋ ತೂಗುತ್ತದೆ. ಮುಂದೆ ಸುರುಳಿಯಾಕಾರದ ಉಕ್ಕಿನ ಅಲಗು ನಿಧಾನವಾಗಿ ತಿರುಗಿ ಹಿಮವನ್ನು ಮಧ್ಯಕ್ಕೆ ತರುತ್ತದೆ. ಅದರ ಹಿಂದೆ ಇನ್ನೊಂದು ಫ್ಯಾನು ಬಹಳ ವೇಗವಾಗಿ ತಿರುಗಿ, ಆ ಹಿಮವನ್ನು ಮೇಲಿನ ಕೊಳವೆಯ ಮೂಲಕ ಮೂವತ್ತು ನಲವತ್ತು ಅಡಿ ದೂರಕ್ಕೆ ಚಿಮ್ಮಿಸುತ್ತದೆ. ಇದರ ಚಕ್ರಗಳನ್ನು ಎಂಜಿನೇ ತಿರುಗಿಸುತ್ತದೆ. ಹಿಡಿಕೆಯಲ್ಲಿ ಎರಡು ಲಿವರ್‌ಗಳಿರುತ್ತವೆ: ಒಂದು ಚಕ್ರಕ್ಕೆ, ಒಂದು ಅಲಗಿಗೆ. ಸಾಮಾನ್ಯವಾಗಿ ಕೈ ಬಿಟ್ಟ ಕೂಡಲೇ ಎರಡೂ ನಿಲ್ಲುವಂತೆ ಮಾಡಿರುತ್ತಾರೆ. ಕೆಲವರು ಬೆರಳು ಜೋಮು ಹಿಡಿಯುತ್ತದೆಂದು ಆ ಲಿವರನ್ನು ದಾರದಿಂದ ಕಟ್ಟಿ ಬಿಡುತ್ತಾರಂತೆ! ಜಾರಿ ಬಿದ್ದ ಕ್ಷಣದಲ್ಲಿ ನಮ್ಮನ್ನು ಉಳಿಸುವ ವ್ಯವಸ್ಥೆ ಅದೊಂದೇ. ಅದನ್ನು ಕಟ್ಟಿದವರ ಕೈಗೆ ಯಂತ್ರವನ್ನು ಕೊಡಲೇಬಾರದು.

ಚಕ್ರಕ್ಕೆ ಬದಲಾಗಿ ಟ್ಯಾಂಕಿನಂತೆ ರಬ್ಬರ್ ಪಟ್ಟಿಯ ಮೇಲೆ ಚಲಿಸುವ ಯಂತ್ರಗಳೂ ಇವೆ. ಜಪಾನಿನ ಹೊಕ್ಕೈಡೊ, ನೀಗಾಟ ಮುಂತಾದ ಹಿಮ ಹೆಚ್ಚಿರುವ ಕಡೆ ಅವುಗಳ ಬಳಕೆ ಹೆಚ್ಚು. ಇಳಿಜಾರಿನಲ್ಲಿ ಅವುಗಳ ಹಿಡಿತ ಚಕ್ರಕ್ಕಿಂತ ಉತ್ತಮ. ಆದರೆ ಅದೇ ಜಪಾನಿನಲ್ಲಿ ಪ್ರತಿ ಚಳಿಗಾಲ ಹಿಮ ತೆಗೆಯುವಾಗ ಸಾಯುವವರಲ್ಲಿ ಬಹುಪಾಲು ವೃದ್ಧರು ಎಂಬುದನ್ನು ಇಲ್ಲಿ ಹೇಳಲೇಬೇಕಾಗಿದೆ.

ಟಿಲ್ಲರಿನ ಅನುಭವ ಇಲ್ಲಿ ಏಕೆ ಸಾಲದು

ನಮ್ಮ ಹಿರಿಯರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಟಿಲ್ಲರ್ ನಡೆಸುವುದು ಸಣ್ಣ ಕೆಲಸವಲ್ಲ. ಆದರೆ ಬೈಲು, ಮಜಲು, ಬೆಟ್ಟು, ಯಾವ ಗದ್ದೆಯೇ ಆಗಲಿ, ಹುಣಿ ಕಟ್ಟಿ ಮಟ್ಟ ಮಾಡಿದ ನೆಲ. ಗುಡ್ಡೆಯ ಬದಿಯಲ್ಲೂ ನಾವು ಉಳುವುದು ಮಟ್ಟಸವಾದ ತುಂಡಿನಲ್ಲೇ. ಮಾತ್ರವಲ್ಲದೆ ಟಿಲ್ಲರಿನ ಅಲಗುಗಳು ಮಣ್ಣನ್ನು ಕಚ್ಚುತ್ತವೆ, ಕೆಸರು ಚಕ್ರವನ್ನು ಹಿಡಿದುಕೊಳ್ಳುತ್ತದೆ. ಹಿಮದ ಇಳಿಜಾರಿನಲ್ಲಿ ಯಂತ್ರ ಕಚ್ಚಿಕೊಳ್ಳಲು ಏನೂ ಇಲ್ಲ. ಅದನ್ನು ಹೋಲಿಸಬೇಕಾದುದು ಗದ್ದೆಗಲ್ಲ, ಆಟಿ ತಿಂಗಳಲ್ಲಿ ಪಾಚಿ ಹಿಡಿದ ಕೆಂಪುಕಲ್ಲಿನ ಮೆಟ್ಟಿಲಿಗೆ.

ಇದನ್ನು ಸ್ವಲ್ಪ ಲೆಕ್ಕದಲ್ಲಿ ನೋಡೋಣ. ನೂರು ಕಿಲೋ ಯಂತ್ರ ಸಮತಟ್ಟಾದ ನೆಲದಲ್ಲಿ ಯಾರನ್ನೂ ಎಳೆಯುವುದಿಲ್ಲ. 10 ಡಿಗ್ರಿ ಇಳಿಜಾರಿನಲ್ಲಿ ಅದು ಸುಮಾರು 17 ಕಿಲೋ ಭಾರದಷ್ಟು ಬಲದಿಂದ ಕೆಳಕ್ಕೆ ಎಳೆಯುತ್ತದೆ. 20 ಡಿಗ್ರಿಯಾದರೆ 34 ಕಿಲೋ. ಇದನ್ನು ತಡೆಯುವುದು ಚಕ್ರದ ಹಿಡಿತ. ಒಣ ಕಾಂಕ್ರೀಟಿನ ಮೇಲೆ ರಬ್ಬರಿನ ಹಿಡಿತ ಭಾರದ ಸುಮಾರು ಮುಕ್ಕಾಲು ಪಾಲಿನಷ್ಟಿರುತ್ತದೆ. ತುಳಿದು ಗಟ್ಟಿಯಾದ ಹಿಮದಲ್ಲಿ ಅದು ಕಾಲು ಪಾಲಿಗೆ ಇಳಿಯುತ್ತದೆ. ನುಣುಪಾದ ಮಂಜುಗಡ್ಡೆಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ. ಹತ್ತರಲ್ಲಿ ಒಂದು ಪಾಲು ಎಂದರೆ ಕೇವಲ 6 ಡಿಗ್ರಿ ಇಳಿಜಾರಿನಲ್ಲೇ ಯಂತ್ರ ತಾನಾಗಿ ಜಾರತೊಡಗುತ್ತದೆ ಎಂದರ್ಥ. ನಮ್ಮ ಚಪ್ಪಲಿಗೂ ಇದೇ ಲೆಕ್ಕ.

ಇಳಿಜಾರನ್ನು ಅಳೆಯುವುದು ಕಷ್ಟವಲ್ಲ. ಮಟ್ಟಕ್ಕೆ ಹಿಡಿದ ಹತ್ತಡಿ ದಾರದ ತುದಿಯಲ್ಲಿ ನೆಲ ಎರಡು ಅಡಿ ಕೆಳಗಿದ್ದರೆ ಅದು ನೂರಕ್ಕೆ 20ರ ಇಳಿಜಾರು, ಸುಮಾರು 11 ಡಿಗ್ರಿ. ಕ್ಯಾಲ್ಗರಿಯ ಮಗ ಅಳೆದು ಹೇಳಿದ್ದು ಹೆಚ್ಚುಕಡಿಮೆ ಅಷ್ಟೇ. ಪ್ರತಿಶತ ಮತ್ತು ಡಿಗ್ರಿ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಕೈಪಿಡಿಯಲ್ಲಿ ಮಿತಿಯನ್ನು ಯಾವುದರಲ್ಲಿ ಕೊಟ್ಟಿದ್ದಾರೆಂದು ನೋಡಿ. ಒಂದೊಂದು ಕಂಪನಿಯ ಮಿತಿ ಒಂದೊಂದು ರೀತಿ. ಆ ಮಿತಿ ಜಾರುವುದಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ. ಹೆಚ್ಚು ಓರೆಯಾದರೆ ಎಂಜಿನಿನೊಳಗಿನ ಎಣ್ಣೆ ಒಂದು ಬದಿಗೆ ಸರಿದು, ಬೇಕಾದ ಭಾಗಕ್ಕೆ ತಲುಪುವುದಿಲ್ಲ.

ಅಡ್ಡ ಹೋಗಬೇಡಿ

ಕೈಪಿಡಿಗಳಲ್ಲಿ ಇಳಿಜಾರಿನ ಕುರಿತು ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇಳಿಜಾರಿಗೆ ಅಡ್ಡಲಾಗಿ ಹಿಮ ತೆಗೆಯಬೇಡಿ. ಇಳಿಜಾರಿನಲ್ಲಿ ದಿಕ್ಕು ಬದಲಿಸುವಾಗ ಅತ್ಯಂತ ಎಚ್ಚರವಿರಲಿ. ತೀರಾ ಕಡಿದಾದ ಕಡೆ ಯಂತ್ರವನ್ನು ಒಯ್ಯಲೇಬೇಡಿ. ಮಗ ಆ ದಿನ ಮೊದಲೆರಡನ್ನೂ ಒಟ್ಟಿಗೆ ಮೀರಿದ್ದ.

ಅಡ್ಡ ಹೋದರೆ ಏನಾಗುತ್ತದೆ? ತಿರುಗುವ ಚಕ್ರ ಒಂದೇ ಕಡೆ ಗಿರಗಿರನೆ ಸುತ್ತತೊಡಗಿದರೆ ಅದಕ್ಕೆ ಪಕ್ಕಕ್ಕೆ ಜಾರದಂತೆ ಹಿಡಿದುಕೊಳ್ಳುವ ಶಕ್ತಿಯೂ ಹೋಗುತ್ತದೆ. ನೇರ ಮೇಲೆ ಅಥವಾ ಕೆಳಗೆ ಹೋಗುತ್ತಿದ್ದಾಗ ಹೀಗಾದರೆ ಯಂತ್ರ ನಮಗೆ ಗೊತ್ತಿರುವ ಸಾಲಿನಲ್ಲೇ ಸರಿಯುತ್ತದೆ, ಹಿಡಿಕೆ ನಮ್ಮ ಕೈಯಲ್ಲೇ ಇರುತ್ತದೆ. ಅಡ್ಡ ಹೋಗುತ್ತಿದ್ದಾಗ ಹೀಗಾದರೆ ಯಂತ್ರ ಪಕ್ಕಕ್ಕೆ ಜಾರುತ್ತದೆ. ಹಿಡಿಕೆ ಹಿಡಿದವನನ್ನು ಸುತ್ತಿಸಿ ಬೀಳಿಸುತ್ತದೆ. ಎರಡು ಚಕ್ರಗಳ ನಡುವಿನ ಅಗಲ ಕಡಿಮೆ, ಎಂಜಿನು ಮೇಲಿದೆ. ಆದುದರಿಂದ ಮಗುಚಲೂ ಬಹುದು.

ಆದುದರಿಂದ ನೇರ ಇಳಿಯಬೇಕು, ನೇರ ಏರಬೇಕು. ತಿರುಗಿಸುವುದಿದ್ದರೆ ಮೇಲಿನ ಅಥವಾ ಕೆಳಗಿನ ಸಮತಟ್ಟಾದ ಜಾಗದಲ್ಲಿ ಮಾತ್ರ. ಅನುಭವಿಗಳು ಮಾಡುವುದು ಹೀಗೆ: ಅತ್ಯಂತ ಕಡಿಮೆ ಗೇರಿನಲ್ಲಿ ಹಿಮ ತೆಗೆಯುತ್ತಾ ಕೆಳಗಿಳಿಯುತ್ತಾರೆ, ಕೆಳಗೆ ತಿರುಗಿಸಿಕೊಂಡು, ಅಲಗನ್ನು ನಿಲ್ಲಿಸಿ, ಆಗಲೇ ಹಸನಾದ ಸಾಲಿನಲ್ಲಿ ಮೇಲೇರುತ್ತಾರೆ. ಏರುವಾಗ ನಾವು ಯಂತ್ರಕ್ಕಿಂತ ಕೆಳಗಿರುತ್ತೇವೆ, ಅದು ಹಿಂದಕ್ಕೆ ಸರಿದರೆ ನಮ್ಮ ಮೇಲೆಯೇ ಬರುತ್ತದೆ. ಹಾಗಾಗಿ ಏರುವಾಗ ಹಿಮ ತೆಗೆಯುವ ಹೊರೆಯನ್ನು ಅದಕ್ಕೆ ಕೊಡದಿರುವುದು ಒಳಿತೆಂದು ನನ್ನ ಅಭಿಪ್ರಾಯ. ಇಳಿಜಾರಿನ ಮಧ್ಯೆ ಚಕ್ರದ ಲಿವರನ್ನು ಸುಮ್ಮನೆ ಬಿಡಬಾರದು. ಕೆಲವು ಯಂತ್ರಗಳು ಆಗ ಬ್ರೇಕಿಲ್ಲದ ಗಾಡಿಯಂತೆ ಉರುಳುತ್ತವೆ. ಆದರೆ ಕಾಲು ಜಾರಿದರೆ ಮಾತ್ರ ಹಿಂದುಮುಂದು ನೋಡದೆ ಎರಡೂ ಲಿವರ್ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಯಂತ್ರ ಹೋದರೆ ಹೋಗಲಿ. ಹಿಡಿಯಲು ಹೋದವರಿಗೇ ಪೆಟ್ಟಾಗುವುದು.

ಚಕ್ರಕ್ಕೆ ಸರಪಳಿ ಸಿಗುತ್ತದೆ. ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿಯೂ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಹಿಮವನ್ನು ಇಳಿಜಾರಿನ ಮೇಲ್ಬದಿಗೆ ಚಿಮ್ಮಿಸಿದರೆ ಅದು ಪುನಃ ದಾರಿಗೇ ಜಾರುತ್ತದೆ. ಕೆಳಬದಿಗೆ, ಗಾಳಿ ಬೀಸುವ ದಿಕ್ಕಿಗೆ ಚಿಮ್ಮಿಸಬೇಕು. ಅಲ್ಲಿ ನೆರೆಮನೆಯ ಮಗು, ನಾಯಿ, ಕಾರು ಇಲ್ಲವೆಂದು ನೋಡಿಕೊಳ್ಳಬೇಕು, ಏಕೆಂದರೆ ಹಿಮದೊಂದಿಗೆ ಕಲ್ಲೂ ಹಾರುತ್ತದೆ.

ಕ್ಯಾಲ್ಗರಿಗೆ ಇನ್ನೊಂದು ವಿಶೇಷವಿದೆ. ಚಳಿಗಾಲದ ಮಧ್ಯೆಯೇ ರಾಕಿ ಪರ್ವತಗಳ ಕಡೆಯಿಂದ ಚಿನೂಕ್ ಎಂಬ ಬೆಚ್ಚಗಿನ ಗಾಳಿ ಬೀಸಿ, ಹಗಲಿನಲ್ಲಿ ಹಿಮ ಕರಗುತ್ತದೆ. ರಾತ್ರಿ ಅದೇ ನೀರು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಆ ಬೆಳಿಗ್ಗೆ ಸ್ನೋ ಬ್ಲೋವರಿಗೆ ಕೆಲಸವೇ ಇಲ್ಲ. ಅದು ಮಂಜುಗಡ್ಡೆಯನ್ನು ತೆಗೆಯುವುದಿಲ್ಲ. ಉಪ್ಪು ಮತ್ತು ಮರಳು ಹಾಕಬೇಕು. ಸಾಮಾನ್ಯ ಉಪ್ಪು ಮೈನಸ್ 10 ಡಿಗ್ರಿಗಿಂತ ಕೆಳಗೆ ಹೆಚ್ಚು ಕೆಲಸ ಮಾಡದು; ಕ್ಯಾಲ್ಸಿಯಂ ಕ್ಲೋರೈಡ್ ಅದಕ್ಕಿಂತ ಹೆಚ್ಚಿನ ಚಳಿಯಲ್ಲೂ ಕರಗಿಸುತ್ತದೆ. ಮರಳು ಏನನ್ನೂ ಕರಗಿಸದಿದ್ದರೂ ಎಷ್ಟೇ ಚಳಿಯಿದ್ದರೂ ಕಾಲಿಗೆ ಹಿಡಿತ ಕೊಡುತ್ತದೆ.

ಕೈ, ಕೊರಳು, ಹೃದಯ

ಈ ಯಂತ್ರದಿಂದ ಆಗುವ ಅತ್ಯಂತ ಕ್ರೂರವಾದ ಗಾಯ ಇಳಿಜಾರಿನದ್ದಲ್ಲ, ಬೆರಳಿನದ್ದು. ಹಿಮ ಒದ್ದೆಯಾಗಿ ಭಾರವಾಗಿದ್ದ ದಿನ ಕೊಳವೆ ಕಟ್ಟಿಕೊಳ್ಳುತ್ತದೆ. ಎಂಜಿನು ನಿಲ್ಲಿಸಿದೆನಲ್ಲಾ ಎಂದು ಕೈ ಹಾಕುತ್ತಾರೆ. ಆದರೆ ಒಳಗಿನ ಫ್ಯಾನು ಸಿಕ್ಕಿಕೊಂಡಾಗ ಬೆಲ್ಟಿನಲ್ಲಿ ಬಿಗಿತ ಉಳಿದಿರುತ್ತದೆ. ಗಂಟಾದ ಹಿಮ ಸಡಿಲಾದ ಕ್ಷಣ ಫ್ಯಾನು ಅರ್ಧ ಸುತ್ತು ತಿರುಗುತ್ತದೆ. ಬೆರಳು ಹೋಗಲು ಅಷ್ಟು ಸಾಕು. ಅಮೆರಿಕದಲ್ಲಿ ಪ್ರತಿವರ್ಷ ಸಾವಿರಾರು ಜನ ಈ ಯಂತ್ರದಿಂದಾದ ಗಾಯಗಳಿಗಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುತ್ತಾರೆ. ಅಲ್ಲಿನ ಕೈ ಶಸ್ತ್ರಚಿಕಿತ್ಸಕರ ಸಂಘ ಇದರ ಕುರಿತು ಎಚ್ಚರಿಸುತ್ತಲೇ ಬಂದಿದೆ. ಎಂಜಿನು ನಿಲ್ಲಿಸಿ, ಕೀಲಿ ತೆಗೆದು, ಎಲ್ಲವೂ ನಿಂತದ್ದನ್ನು ಕಣ್ಣಾರೆ ಕಂಡ ಮೇಲೂ ಕೈ ಹಾಕಕೂಡದು. ಯಂತ್ರದೊಂದಿಗೆ ಕೊಡುವ ಪ್ಲಾಸ್ಟಿಕ್ ಕೋಲಿನಿಂದಲೋ ಪೊರಕೆಯ ಹಿಡಿಯಿಂದಲೋ ಬಿಡಿಸಬೇಕು. ಇಳಿಜಾರಿನ ಮಧ್ಯೆ ಕಟ್ಟಿಕೊಂಡರೆ ಅಲ್ಲೇ ಬಗ್ಗಿ ಬಿಡಿಸಲು ಹೋಗದೆ ಮೊದಲು ಸಮತಟ್ಟಾದ ಜಾಗಕ್ಕೆ ತರಬೇಕು.

ಮಫ್ಲರ್ ಸುತ್ತಿಕೊಳ್ಳುವುದು ನಮ್ಮವರ ಅಭ್ಯಾಸ. ಜೋತಾಡುವ ಮಫ್ಲರ್, ಶಾಲು ಈ ಯಂತ್ರದ ಬಳಿ ಸಲ್ಲದು. ಮಂಕಿ ಕ್ಯಾಪ್ ಆಗಬಹುದು. ಗ್ಯಾರೇಜಿನ ಒಳಗೆ ಎಂಜಿನು ಚಾಲೂ ಮಾಡಬಾರದು. ಬಾಗಿಲು ತೆರೆದಿದ್ದರೂ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಣಂತಿ, ಎಳೆ ಮಗು ಇರುವ ಮನೆಯಲ್ಲಂತೂ ಇದನ್ನು ಎರಡು ಸಲ ಹೇಳಬೇಕು.

ಇನ್ನು ಹೃದಯದ ಮಾತು. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ಏರುತ್ತದೆ. ಅದೇ ಹೊತ್ತಿಗೆ ತೋಳಿನಿಂದ ತಳ್ಳುವ ಕೆಲಸ, ಅರಿವಿಲ್ಲದೆ ಉಸಿರು ಬಿಗಿಹಿಡಿಯುವುದು, ಇವೆಲ್ಲ ಸೇರಿದರೆ ಹೃದಯದ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಸಲಿಕೆಯಿಂದ ಹಿಮ ತೆಗೆಯುವುದು ಮಾತ್ರವಲ್ಲ, ಯಂತ್ರವನ್ನು ತಳ್ಳುವುದೂ ಹೃದ್ರೋಗಿಗಳಿಗೆ ಅಪಾಯಕರವೆಂದು ಅಮೆರಿಕದ ಹೃದಯ ಸಂಘ ಹೇಳಿದೆ. ಸ್ಟೆಂಟ್ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. ಇಷ್ಟೊಂದು ಬರೆದುದರಲ್ಲಿ ತ್ಯಾಗರಾಜನಗರದ ನಮ್ಮ ಹಿರಿಯರು ಓದಲೇಬೇಕಾದ ಸಾಲು ಇದು.

ದೊಡ್ಡ ಇಳಿಜಾರುಗಳು

ಮನೆಯ ದಾರಿಯಲ್ಲಿ ನಾವು ನೋಡಬೇಕಾದುದು ಕಾಲಡಿಯನ್ನು. ಬೆಟ್ಟದ ರಸ್ತೆಯಲ್ಲಿ ಹಿಮ ತೆಗೆಯುವವರು ನೋಡಬೇಕಾದುದು ತಲೆಯ ಮೇಲನ್ನೂ. ನಮ್ಮ ದೇಶದಲ್ಲಿ ಈ ಕೆಲಸ ಮಾಡುವುದು 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆ. ಸುಮಾರು 11,500 ಅಡಿ ಎತ್ತರದಲ್ಲಿರುವ ಜೋಜಿ ಲಾ ಕಣಿವೆದಾರಿ ಹಿಂದೆ ಚಳಿಗಾಲದಲ್ಲಿ ಆರು ತಿಂಗಳವರೆಗೆ ಮುಚ್ಚಿರುತ್ತಿತ್ತು. 2025ರಲ್ಲಿ ಅದನ್ನು 32 ದಿನಗಳಲ್ಲೇ ತೆರೆದರು. ಬುಲ್ಡೋಜರ್‌ಗಳು ದಾರಿ ಮಾಡುತ್ತವೆ, ಹಿಂದಿನಿಂದ ಹಿಮ ಕೊರೆಯುವ ಯಂತ್ರಗಳು ಹಿಮವನ್ನು ಕಣಿವೆಯ ಬದಿಗೆ ಎಸೆಯುತ್ತವೆ. ಅಂದಹಾಗೆ, ಬುಲ್ಡೋಜರ್ ತಯಾರಿಸುವ ಬಿಇಎಂಎಲ್ ಕಾರ್ಖಾನೆ ಇರುವುದು ನಮ್ಮ ಕೆಜಿಎಫ್‌ನಲ್ಲಿ.

ಹಿಮಪಾತಗಳು ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿ ಇಳಿಜಾರಿನಿಂದ. ಹೊಸ ಹಿಮ ಬಿದ್ದ ಮೊದಲ ದಿನ ಮತ್ತು ಬಿಸಿಲೇರಿದ ಮಧ್ಯಾಹ್ನ ಅಪಾಯ ಹೆಚ್ಚು. ಎಷ್ಟು ನುರಿತವರಿಗೂ ಇದು ತಪ್ಪಿದ್ದಲ್ಲ. 2025ರ ಫೆಬ್ರವರಿ 28ರಂದು ಉತ್ತರಾಖಂಡದ ಮಾಣಾ ಬಳಿ ಇದೇ ಸಂಸ್ಥೆಯ ಶಿಬಿರದ ಮೇಲೆ ಹಿಮ ಕುಸಿದು 54 ಕಾರ್ಮಿಕರು ಸಿಲುಕಿದರು. 46 ಮಂದಿಯನ್ನು ಉಳಿಸಲಾಯಿತು, ಎಂಟು ಮಂದಿ ತೀರಿಕೊಂಡರು. 2016ರ ಫೆಬ್ರವರಿ 3ರ ಸಿಯಾಚಿನ್ ದುರಂತವನ್ನು ಕರ್ನಾಟಕ ಮರೆತಿಲ್ಲ. ಮಡಿದ ಹತ್ತು ಯೋಧರಲ್ಲಿ ಮೂವರು ನಮ್ಮ ರಾಜ್ಯದವರು. ಆರು ದಿನ ಹಿಮದಡಿಯಲ್ಲಿದ್ದು ಜೀವಂತವಾಗಿ ಸಿಕ್ಕಿದ, ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು.

ಹಿಮವಿಲ್ಲದ ನಮ್ಮ ಕರಾವಳಿಯಲ್ಲಿ ಇದರ ಜಾಗದಲ್ಲಿರುವುದು ಮಳೆಗಾಲದ ಮಣ್ಣು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ಕ್ಕಾಗಿ ಬುಡ ಕತ್ತರಿಸಿದ್ದ ಗುಡ್ಡ ಕುಸಿದು ಗಂಗಾವಳಿ ನದಿಯವರೆಗೂ ಹೋಯಿತು. ಮಣ್ಣು ತೆಗೆಯುವ ಯಂತ್ರಗಳು ಕೆಲಸ ಮಾಡಬೇಕಾದುದು ಅದೇ ಗುಡ್ಡದ ಕೆಳಗೆ, ಅದೇ ಮಳೆಯಲ್ಲಿ. ನದಿಗೆ ಬಿದ್ದ ಲಾರಿ ಸಿಕ್ಕಿದ್ದು ಗೋವಾದಿಂದ ಡ್ರೆಜ್ಜರ್ ತರಿಸಿದ ಬಳಿಕ, ಸೆಪ್ಟೆಂಬರ್ 25ರಂದು. ಮನೆಯ ಹಿಂದಿನ ಧರೆ ಕುಸಿದಾಗ ಜೆಸಿಬಿ ತರಿಸಿ ಬುಡದಿಂದ ಮಣ್ಣು ಬಾಚಿಸುವುದು ನಮ್ಮಲ್ಲಿ ಸಾಮಾನ್ಯ. ಬುಡದ ಮಣ್ಣು ತೆಗೆದಷ್ಟೂ ಮೇಲಿನದು ಜಾರಲು ದಾರಿಯಾಗುತ್ತದೆ. ಮಳೆ ನಿಲ್ಲದೆ, ಮೇಲೆ ಬಿರುಕು ನೋಡಲು ಒಬ್ಬ ನಿಲ್ಲದೆ, ಚಾಲಕನನ್ನು ಧರೆಯ ಕೆಳಗೆ ಕಳುಹಿಸಬಾರದು. ಬಾಡಿಗೆ ಗಂಟೆಗಿಷ್ಟು ಎಂದು ಅವಸರ ಮಾಡುವವರು ನಾವು. ಒಳಗೆ ಕುಳಿತವನು ಆತ.

ಈ ಲೇಖನದ ಕರಡನ್ನು ತ್ಯಾಗರಾಜನಗರಕ್ಕೆ ಕಳುಹಿಸಿದ್ದೆ. ಹಿಮ ಬೀಳುವುದು ನಿಂತ 24 ಗಂಟೆಗಳೊಳಗೆ ಮನೆಯೆದುರಿನ ಕಾಲುದಾರಿ ಹಸನಾಗಿರಬೇಕೆಂಬುದು ಕ್ಯಾಲ್ಗರಿ ನಗರದ ನಿಯಮ. ಇಪ್ಪತ್ತನಾಲ್ಕು ಗಂಟೆ ಇರುವಾಗ ಬೆಳಿಗ್ಗೆ ಐದಕ್ಕೇ ಅವಸರವೇಕೆ ಎಂದು ತಾಯಿ ಕೇಳಿದರಂತೆ. ಮಗ ಸಂಜೆ ಬಂದು ಕಾಲುದಾರಿಯನ್ನು ತಾನೇ ತೆಗೆಯುವುದೆಂದೂ, ಕಡಿದಾದ ದಾರಿಯನ್ನು ತಿಂಗಳ ಲೆಕ್ಕದಲ್ಲಿ ಹಿಮ ತೆಗೆಯುವವರಿಗೆ ಒಪ್ಪಿಸುವುದೆಂದೂ ತೀರ್ಮಾನವಾಗಿದೆ. ತಂದೆಯವರು ಕೈಪಿಡಿಯನ್ನು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಓದುತ್ತಿದ್ದಾರೆ. ಯಂತ್ರ ಮುಟ್ಟುವುದಿಲ್ಲವೆಂದು ಒಪ್ಪಿಕೊಂಡಿದ್ದಾರಂತೆ. ಮೆಟ್ಟಿಲಿಗೆ ಮರಳು ಹಾಕುವ ಕೆಲಸವನ್ನಾದರೂ ತಮಗೇ ಬಿಡಬೇಕೆಂದು ಮಗನಲ್ಲಿ ಮಾತು ತೆಗೆದುಕೊಂಡಿದ್ದಾರೆ.